ಕ್ವಾಂಟಮ್ ಸಂಜ್ಞಾನ: ಮನುಷ್ಯರ ನಿರ್ಧಾರಗಳಿಗೆ ಕ್ವಾಂಟಮ್ ಗಣಿತ

ಅಣು, ಇಲೆಕ್ಟ್ರಾನು, ಫೋಟಾನುಗಳ ವರ್ತನೆಯನ್ನು ವಿವರಿಸಲು ರೂಪುಗೊಂಡ ಸಂಭವನೀಯತೆಯ ಗಣಿತವನ್ನು ಮನುಷ್ಯರ ಆಯ್ಕೆ, ಅಭಿಪ್ರಾಯ, ತೀರ್ಮಾನಗಳಿಗೆ ಅನ್ವಯಿಸುವ ಅಧ್ಯಯನ ಶಾಖೆಗೆ ಕ್ವಾಂಟಮ್ ಸಂಜ್ಞಾನ ಎಂದು ಹೆಸರು. 1990ರ ದಶಕದಲ್ಲಿ ಭೌತವಿಜ್ಞಾನ ಮತ್ತು ಮನೋವಿಜ್ಞಾನಗಳ ನಡುವಿನ ಗಡಿಯಲ್ಲಿ ಹುಟ್ಟಿದ ಈ ಶಾಖೆ 2006ರಿಂದೀಚೆಗೆ ಬಲಿತಿದೆ. ಹಳೆಯ ತರ್ಕದ ಲೆಕ್ಕದಲ್ಲಿ ಅವಿವೇಕ ಎನಿಸುವ ನಡವಳಿಕೆಗಳಲ್ಲೂ ಒಂದು ಕ್ರಮ ಇದೆಯೇ, ಇದ್ದರೆ ಅದನ್ನು ಯಾವ ಗಣಿತ ಹಿಡಿದೀತು ಎಂಬುದು ಇದರ ಮುಖ್ಯ ಪ್ರಶ್ನೆ.

ಮೊದಲೇ ಒಂದು ಗೊಂದಲ ಕಳೆಯಬೇಕು. ಮಿದುಳು ಒಂದು ಕ್ವಾಂಟಮ್ ಯಂತ್ರ ಎಂಬ ವಾದವೇ ಬೇರೆ. ಭೌತವಿಜ್ಞಾನಿ ರೋಜರ್ ಪೆನ್‌ರೋಸ್ ಮತ್ತು ಅರಿವಳಿಕೆ ತಜ್ಞ ಸ್ಟುವರ್ಟ್ ಹ್ಯಾಮರಾಫ್ ನರಕೋಶದ ಸೂಕ್ಷ್ಮನಳಿಕೆಗಳಲ್ಲಿ ಕ್ವಾಂಟಮ್ ಕ್ರಿಯೆ ನಡೆಯುತ್ತದೆ, ಅದೇ ಪ್ರಜ್ಞೆಯ ಮೂಲ ಎಂದಿದ್ದರು. ಮಿದುಳಿನಂಥ ಬೆಚ್ಚನೆಯ, ಒದ್ದೆಯಾದ ಜಾಗದಲ್ಲಿ ಅಂಥ ಸ್ಥಿತಿ ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು ಹೊತ್ತು ಕೂಡ ಉಳಿಯದು ಎಂದು ಭೌತವಿಜ್ಞಾನಿ ಮ್ಯಾಕ್ಸ್ ಟೆಗ್‌ಮಾರ್ಕ್ 2000ದಲ್ಲಿ ಲೆಕ್ಕ ಹಾಕಿ ತೋರಿಸಿದರು. ಆ ಜಗಳದಲ್ಲಿ ಯಾರು ಗೆದ್ದರೂ ಕ್ವಾಂಟಮ್ ಸಂಜ್ಞಾನಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದು ಎರವಲು ಪಡೆಯುವುದು ಗಣಿತವನ್ನು ಮಾತ್ರ. "ಕ್ವಾಂಟಮ್" ಎಂಬ ಹಣೆಪಟ್ಟಿ ಹಚ್ಚಿ ಮಾರುವ ಧ್ಯಾನ ಶಿಬಿರ, ಚಿಕಿತ್ಸೆಗಳಿಗೂ ಇದಕ್ಕೂ ಯಾವ ನಂಟೂ ಇಲ್ಲ.

ಅವಿವೇಕ ಎಂದು ಹೇಳಬೇಕಾದರೆ ವಿವೇಕ ಯಾವುದೆಂದು ಗೊತ್ತುಮಾಡಿರಬೇಕು. ಅದನ್ನು ಗೊತ್ತುಮಾಡಿದ್ದು ಎರಡು ಪುಸ್ತಕಗಳು. ಆಂದ್ರೇ ಕೊಲ್ಮೊಗೊರೊವ್ 1933ರಲ್ಲಿ ಸಂಭವನೀಯತೆಗೆ ಗಣಿತದ ಭದ್ರ ತಳಪಾಯ ಹಾಕಿದರು. ಲಿಯೊನಾರ್ಡ್ ಸ್ಯಾವೇಜ್ 1954ರಲ್ಲಿ ಅದರ ಮೇಲೆ ನಿರ್ಧಾರದ ಶಾಸ್ತ್ರ ಕಟ್ಟಿದರು. ಸ್ಯಾವೇಜ್ ಇಟ್ಟ ಒಂದು ನಿಯಮ ಯಾರಿಗಾದರೂ ಒಪ್ಪಿಗೆಯಾಗುವಂಥದ್ದು: ಒಂದು ಘಟನೆ ನಡೆದರೂ ನೀವು ಈ ಕೆಲಸ ಮಾಡುತ್ತೀರಿ, ನಡೆಯದಿದ್ದರೂ ಮಾಡುತ್ತೀರಿ ಎಂದಾದರೆ, ಅದು ನಡೆಯುತ್ತದೋ ಇಲ್ಲವೋ ತಿಳಿಯದಿರುವಾಗಲೂ ಮಾಡಲೇಬೇಕು.

ಜನ ಹಾಗೆ ಮಾಡುವುದಿಲ್ಲ. ಮನೋವಿಜ್ಞಾನಿಗಳಾದ ಅಮೋಸ್ ಟ್ವೆರ್ಸ್ಕಿ ಮತ್ತು ಎಲ್ಡಾರ್ ಶಫೀರ್ 1992ರಲ್ಲಿ ಇದನ್ನು ಪರೀಕ್ಷಿಸಿದರು. ನಾಣ್ಯ ಚಿಮ್ಮಿಸುವ ಆಟ. ಗೆದ್ದರೆ 200 ಡಾಲರ್ ಬರುತ್ತದೆ, ಸೋತರೆ 100 ಡಾಲರ್ ಹೋಗುತ್ತದೆ. ಒಮ್ಮೆ ಆಡಿದ್ದೀರಿ ಎಂದುಕೊಳ್ಳಿ, ಇನ್ನೊಮ್ಮೆ ಆಡುತ್ತೀರಾ ಎಂದು ಕೇಳಿದರು. ಮೊದಲ ಆಟ ಗೆದ್ದಿದ್ದೀರಿ ಎಂದು ತಿಳಿಸಿದಾಗ ಶೇ. 69 ಮಂದಿ ಹೂಂ ಎಂದರು. ಸೋತಿದ್ದೀರಿ ಎಂದಾಗಲೂ ಶೇ. 59 ಮಂದಿ ಹೂಂ ಎಂದರು. ಫಲಿತಾಂಶ ಇನ್ನೂ ತಿಳಿದಿಲ್ಲ ಎಂದಾಗ ಹೂಂ ಎಂದವರು ಶೇ. 36 ಮಾತ್ರ. ಗೆದ್ದವನಿಗೆ ಕೈಯಲ್ಲಿ ದುಡ್ಡಿದೆ ಎಂಬ ಧೈರ್ಯ, ಸೋತವನಿಗೆ ಕಳೆದದ್ದನ್ನು ತೆಗೆಯಬೇಕೆಂಬ ಹಟ. ಏನೂ ತಿಳಿಯದವನಿಗೆ ಈ ಎರಡು ಕಾರಣಗಳಲ್ಲಿ ಒಂದೂ ಒದಗಿ ಬರುವುದಿಲ್ಲ.

ಈ ನಡವಳಿಕೆಯನ್ನು ನೋಡಲು ಅಮೆರಿಕದ ವಿಶ್ವವಿದ್ಯಾಲಯಕ್ಕೇ ಹೋಗಬೇಕಿಲ್ಲ. ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಹೊಳೆಮಣ್ಣೂರ ಮಲಪ್ರಭೆಯ ದಂಡೆಯ ಮೇಲಿದೆ. ಸವದತ್ತಿ ತಾಲ್ಲೂಕಿನ ನವಿಲುತೀರ್ಥ ಅಣೆಕಟ್ಟು ತುಂಬಿ ನೀರು ಬಿಟ್ಟಾಗ ರೋಣ, ನರಗುಂದ ಭಾಗದ ದಂಡೆಯ ಊರುಗಳ ಒಳಗೇ ಹೊಳೆ ಬರುತ್ತದೆ. 2009ರ ಪ್ರವಾಹದ ನಂತರ ಸರ್ಕಾರ ದಾನಿಗಳ ನೆರವು ಪಡೆದು "ಆಸರೆ" ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ಮನೆ ಕಟ್ಟಿಸಿತು. ಮಲಪ್ರಭೆಯ ದಂಡೆಯಲ್ಲಿ ಎಷ್ಟೋ ಕುಟುಂಬಗಳು ಹಳೆಯ ಊರನ್ನು ಪೂರ್ತಿ ಬಿಡಲಿಲ್ಲ. 2019ರ ಆಗಸ್ಟಿನಲ್ಲಿ ಹೊಳೆ ಮತ್ತೆ ಬಂತು.

ಇಂಥ ದಂಡೆಯ ಮನೆಯೊಂದರಲ್ಲಿ ಮುಂಗಾರಿಗೆ ಮುಂಚೆ ನಡೆಯಬಹುದಾದ ಮಾತನ್ನು ಊಹಿಸಿಕೊಳ್ಳಿ. ಹೊಳೆ ಬಂದರೆ ಎತ್ತರದಲ್ಲಿ ಕಟ್ಟಿದ ಹೊಸ ಊರಾದ ನವಗ್ರಾಮಕ್ಕೆ ಹೋಗಲೇಬೇಕು, ಜೀವ ಉಳಿಯಬೇಕಲ್ಲ. ಬಾರದಿದ್ದರೆ ಹೆಸರು, ಗೋವಿನಜೋಳ ಕೈಗೆ ಹತ್ತಿ ದುಡ್ಡು ಬರುತ್ತದೆ, ಅಲ್ಲಿ ದನದ ಕೊಟ್ಟಿಗೆಯೊಂದು ಹಾಕಿಕೊಂಡು ನೆಮ್ಮದಿಯಾಗಿ ಹೋಗಬಹುದು. ಎರಡೂ ದಾರಿ ನವಗ್ರಾಮಕ್ಕೇ ಮುಟ್ಟುತ್ತವೆ. ಆದರೂ ಮಳೆ ಹೇಗಾಗುತ್ತದೆಂದು ಗೊತ್ತಿಲ್ಲದ ಜೂನ್ ತಿಂಗಳಲ್ಲಿ ಹಿರಿಯರು ಹೇಳುವ ಮಾತು: "ಈ ವರ್ಷ ಒಂದ್ ನೋಡೂಣ ತಡೀರಿ." ಸ್ಯಾವೇಜ್ ನಿಯಮದ ಪ್ರಕಾರ ಇದು ತಪ್ಪು. ಹೊಲ ದೂರವಾಗುತ್ತದೆ, ದನ ಕಟ್ಟಲು ಜಾಗವಿಲ್ಲ, ಹಕ್ಕುಪತ್ರ ಕೈ ಸೇರಿಲ್ಲ ಎಂಬ ಕಾರಣಗಳೂ ಒಟ್ಟಿಗೆ ಇರಬಹುದು. ಇದ್ದರೆ ಅವನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ ಹೊರತು ಕ್ವಾಂಟಮ್ ಗಣಿತಕ್ಕೆ ಕೈ ಹಾಕಬಾರದು. ಎಲ್ಲ ಕಾರಣ ಕಳೆದ ಮೇಲೂ ಆ "ನೋಡೂಣ" ಉಳಿದುಕೊಂಡರೆ ಮಾತ್ರ ಅದು ಈ ಶಾಖೆಯ ವಸ್ತು.

ಈಗ ಗಣಿತಕ್ಕೆ ಬರೋಣ. ನಾಣ್ಯದ ಆಟದಲ್ಲಿ ಗೆಲುವು, ಸೋಲು ಸಮಸಮ. ಗೆದ್ದು ಮತ್ತೆ ಆಡುವ ದಾರಿಯ ಸಂಭವನೀಯತೆ 0.69ರ ಅರ್ಧ, ಅಂದರೆ 0.345. ಸೋತು ಮತ್ತೆ ಆಡುವ ದಾರಿಯದು 0.295. ಕೊಲ್ಮೊಗೊರೊವ್ ನಿಯಮದಲ್ಲಿ ಎರಡನ್ನೂ ಕೂಡಿದರೆ 0.64 ಸಿಗಬೇಕು. ಪ್ರಯೋಗದಲ್ಲಿ ಸಿಕ್ಕಿದ್ದು 0.36. ಎರಡು ಸೀಳುಗಳ ಮೂಲಕ ಬೆಳಕು ಹಾಯಿಸಿದಾಗಲೂ ಹೀಗೇ ಆಗುತ್ತದೆ: ಒಂದೊಂದೇ ಸೀಳು ತೆರೆದಾಗ ಬೆಳಗುವ ಜಾಗ, ಎರಡೂ ತೆರೆದಾಗ ಕತ್ತಲಾಗಬಹುದು. ಕ್ವಾಂಟಮ್ ಸಿದ್ಧಾಂತ ಕೂಡುವುದು ಸಂಭವನೀಯತೆಗಳನ್ನಲ್ಲ, ಅವುಗಳ ಹಿಂದಿರುವ ವೈಶಾಲ್ಯ (ಆಂಪ್ಲಿಟ್ಯೂಡ್) ಎಂಬ ಅಂಕಿಗಳನ್ನು. ಕೂಡಿದ ಮೇಲೆ ವರ್ಗ ಮಾಡುತ್ತದೆ. ಮ್ಯಾಕ್ಸ್ ಬಾರ್ನ್ 1926ರಲ್ಲಿ ಕೊಟ್ಟ ನಿಯಮ ಇದು. ವರ್ಗ ಮಾಡುವಾಗ ಹೆಚ್ಚುವರಿಯಾಗಿ ಒಂದು ಪದ ಹುಟ್ಟಿಕೊಳ್ಳುತ್ತದೆ. ಅದೇ ವ್ಯತಿಕರಣದ, ಅಂದರೆ ಎರಡು ದಾರಿಗಳು ಒಂದರೊಡನೊಂದು ಬೆರೆಯುವುದರ ಪದ. ನಮ್ಮ ಲೆಕ್ಕದಲ್ಲಿ 0.345 ಮತ್ತು 0.295ರ ಗುಣಲಬ್ಧದ ವರ್ಗಮೂಲ 0.319, ಅದರ ಎರಡರಷ್ಟು 0.638, ಅದನ್ನು ಒಂದು ಕೋನದ ಕೊಸೈನ್‌ನಿಂದ ಗುಣಿಸಬೇಕು. 0.64 ಇಳಿದು 0.36 ಆಗಬೇಕಾದರೆ ಆ ಕೊಸೈನ್ ಸುಮಾರು −0.44 ಇರಬೇಕು, ಕೋನ ಸುಮಾರು 116 ಡಿಗ್ರಿ.

ಲೆಕ್ಕ ಸರಿಹೋಯಿತು ಎಂದು ಹಿಗ್ಗಬೇಕಾಗಿಲ್ಲ. ಆ 116 ಡಿಗ್ರಿ ಎಲ್ಲಿಂದ ಬಂತು? ಪ್ರಯೋಗದ ಅಂಕಿಯಿಂದಲೇ. ಬೇಕಾದ ಉತ್ತರಕ್ಕೆ ತಕ್ಕ ಕೋನ ಆರಿಸಿಕೊಂಡರೆ ಯಾವ ಅಂಕಿಯನ್ನಾದರೂ ಹೊಂದಿಸಬಹುದು. ಆರಂಭದ ಎಷ್ಟೋ ಲೇಖನಗಳ ದೌರ್ಬಲ್ಯ ಇದೇ. ಅದೂ ಅಲ್ಲದೆ ಆಂಟನ್ ಕ್ಯೂಬರ್ಗರ್ ಮತ್ತು ಸಂಗಡಿಗರು 2001ರಲ್ಲಿ ನಾಣ್ಯದ ಆಟವನ್ನು ಮತ್ತೆ ಪರೀಕ್ಷಿಸಿದಾಗ ಈ ಪರಿಣಾಮ ಕಾಣಿಸಲೇ ಇಲ್ಲ.

ಕ್ವಾಂಟಮ್ ಸಂಜ್ಞಾನದ ಗಟ್ಟಿ ಪುರಾವೆ ಬಂದಿದ್ದು ಪ್ರಶ್ನೆ ಕೇಳುವ ಕ್ರಮದಿಂದ. ಸಮೀಕ್ಷೆ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ ಇದು: ಮೊದಲು ಯಾವುದನ್ನು ಕೇಳುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. "ಯಜಮಾನ್ರ, ನವಗ್ರಾಮಕ್ಕ ಹೋಗ್ತೀರೇನ್ರೀ?" ಎಂದು ಮೊದಲು ಕೇಳಿ, ಆಮೇಲೆ "ಹೊಲ ದೂರ ಆಗೂದು ತ್ರಾಸ ಏನ್ರೀ?" ಎಂದರೆ ಒಂದು ಉತ್ತರ. ಹೊಲದ ಮಾತು ಮೊದಲು ಎತ್ತಿ, ಆಮೇಲೆ ಹೋಗುವ ಮಾತು ಕೇಳಿದರೆ ಇನ್ನೊಂದು. ಹೊಲ ಎಂದ ಕೂಡಲೇ ಎತ್ತು, ಬುತ್ತಿ, ರಾತ್ರಿ ಕಾವಲು ಎಲ್ಲ ಕಣ್ಮುಂದೆ ಬರುತ್ತವೆ. ಹಳೆಯ ಸಿದ್ಧಾಂತದಲ್ಲಿ ಅಭಿಪ್ರಾಯ ಮನಸ್ಸಿನೊಳಗೆ ಸಿದ್ಧವಾಗಿ ಕುಳಿತಿರುತ್ತದೆ, ಪ್ರಶ್ನೆ ಅದನ್ನು ಹೊರಗೆ ತೆಗೆಯುತ್ತದೆ ಅಷ್ಟೇ. ಕ್ವಾಂಟಮ್ ನೋಟದಲ್ಲಿ ಕೇಳುವುದೂ ಒಂದು ಅಳತೆ. ಅಳತೆ ಮಾಡಿದ ಮೇಲೆ ಸ್ಥಿತಿ ಮೊದಲಿನಂತೆ ಉಳಿಯುವುದಿಲ್ಲ. ಇಲೆಕ್ಟ್ರಾನಿನ ಸ್ಥಾನವನ್ನು ಅಳೆದು ಆವೇಗ ಅಳೆಯುವುದಕ್ಕೂ, ಆವೇಗ ಅಳೆದು ಸ್ಥಾನ ಅಳೆಯುವುದಕ್ಕೂ ಇರುವ ವ್ಯತ್ಯಾಸದ ಗಣಿತವೇ ಇಲ್ಲಿಗೂ ಸಲ್ಲುತ್ತದೆ.

ಪ್ರಸಿದ್ಧ ಉದಾಹರಣೆ 1997ರ ಸೆಪ್ಟೆಂಬರಿನ ಗ್ಯಾಲಪ್ ಸಮೀಕ್ಷೆ. ಆಗಿನ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಪ್ರಾಮಾಣಿಕರೇ, ಉಪಾಧ್ಯಕ್ಷ ಅಲ್ ಗೋರ್ ಪ್ರಾಮಾಣಿಕರೇ ಎಂದು ಅರ್ಧ ಜನರಿಗೆ ಒಂದು ಕ್ರಮದಲ್ಲೂ ಉಳಿದರ್ಧಕ್ಕೆ ತಿರುವುಮುರುವಾಗಿಯೂ ಕೇಳಿದರು. ಮೊದಲು ಕೇಳಿದಾಗ ಕ್ಲಿಂಟನ್‌ರನ್ನು ನಂಬಿದವರು ಶೇ. 50, ಗೋರ್ ನಂತರ ಕೇಳಿದಾಗ ಶೇ. 57. ಗೋರ್‌ರನ್ನು ಮೊದಲು ಕೇಳಿದಾಗ ಶೇ. 68, ಕ್ಲಿಂಟನ್ ನಂತರ ಶೇ. 60. ಉತ್ತರವೇ ಕೊಡದವರನ್ನು ಬಿಟ್ಟು ಎಣಿಸಿದರೆ, ಇಬ್ಬರಿಗೂ ಹೌದು ಎಂದವರು ಒಂದು ಕ್ರಮದಲ್ಲಿ ಶೇ. 49, ಇನ್ನೊಂದರಲ್ಲಿ ಶೇ. 56. ಇದು ದೊಡ್ಡ ಪಲ್ಲಟ. ಆದರೆ ಒಬ್ಬರಿಗೆ ಹೌದು, ಇನ್ನೊಬ್ಬರಿಗೆ ಅಲ್ಲ ಎಂದವರ ಒಟ್ಟು ಪ್ರಮಾಣ ಎರಡೂ ಕ್ರಮದಲ್ಲಿ ಹೆಚ್ಚುಕಡಿಮೆ ಒಂದೇ: ಶೇ. 22.1 ಮತ್ತು ಶೇ. 22.5.

ಇದು ಆಕಸ್ಮಿಕವಲ್ಲ ಎಂದವರು ಝೆಂಗ್ ವಾಂಗ್ ಮತ್ತು ಜೆರೋಮ್ ಬುಸೆಮೈಯರ್. ಪ್ರಶ್ನೆಗಳನ್ನು ಕ್ವಾಂಟಮ್ ಅಳತೆಗಳಂತೆ ಬರೆದರೆ ಈ ಮಿಶ್ರ ಉತ್ತರಗಳ ಮೊತ್ತ ಕ್ರಮ ಬದಲಾದರೂ ಬದಲಾಗಬಾರದು ಎಂದು 2013ರಲ್ಲಿ ಅವರು ಗಣಿತದಿಂದಲೇ ಸಾಧಿಸಿದರು. ಇಲ್ಲಿ ಇಷ್ಟಬಂದಂತೆ ತಿರುಗಿಸಬಹುದಾದ ಕೋನವಿಲ್ಲ; ಸಮೀಕರಣ ಕೂಡಬೇಕು, ಇಲ್ಲವೇ ಬೀಳಬೇಕು. 2014ರಲ್ಲಿ ಅವರ ತಂಡ ಗ್ಯಾಲಪ್, ಪ್ಯೂ ಸಂಸ್ಥೆಗಳ 70 ರಾಷ್ಟ್ರೀಯ ಸಮೀಕ್ಷೆಗಳನ್ನು ಪರಿಶೀಲಿಸಿದಾಗ ಸಮೀಕರಣ ನಿಂತಿತು. ಬಿದ್ದ ಜಾಗವೂ ಪಾಠ ಹೇಳುವಂಥದ್ದು. ಪೀಟ್ ರೋಸ್, ಜೋ ಜಾಕ್ಸನ್ ಎಂಬ ಬೇಸ್‌ಬಾಲ್ ಆಟಗಾರರ ಬಗ್ಗೆ ಕೇಳಿದ ಒಂದು ಹಳೆಯ ಸಮೀಕ್ಷೆಯಲ್ಲಿ ಪ್ರಶ್ನೆಯ ಜೊತೆಗೇ ಅವರ ಹಿನ್ನೆಲೆಯನ್ನೂ ಹೇಳಿದ್ದರು. ಪ್ರಶ್ನೆಯ ಕ್ರಮದ ಜೊತೆಗೆ ಹೊಸ ಮಾಹಿತಿಯೂ ಸೇರಿಕೊಂಡಿದ್ದರಿಂದ ಸಮೀಕರಣ ಅಲ್ಲಿ ಕೂಡಲಿಲ್ಲ. ಬೀಳಬೇಕಾದ ಕಡೆ ಬೀಳುವ ಸಮೀಕರಣ ಎಲ್ಲ ಕಡೆ ಹೊಂದುವ ಸಮೀಕರಣಕ್ಕಿಂತ ಮೇಲು.

ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1983ರಲ್ಲಿ ಪ್ರಕಟಿಸಿದ ಲಿಂಡಾ ಒಗಟಿಗೂ ಇದೇ ಬಗೆಯ ವಿವರಣೆ ಇದೆ. ವಿದ್ಯಾರ್ಥಿ ದಿನಗಳಿಂದಲೂ ಅನ್ಯಾಯದ ವಿರುದ್ಧ ದನಿಯೆತ್ತಿದ ಲಿಂಡಾ ಎಂಬ ಕಲ್ಪಿತ ಮಹಿಳೆ ಬ್ಯಾಂಕ್ ಗುಮಾಸ್ತೆಯಾಗಿರುವುದು ಹೆಚ್ಚು ಸಂಭವನೀಯವೋ, ಬ್ಯಾಂಕ್ ಗುಮಾಸ್ತೆ ಮತ್ತು ಸ್ತ್ರೀವಾದಿಯಾಗಿರುವುದೋ ಎಂದು ಕೇಳಿದಾಗ ಶೇ. 85ರಷ್ಟು ಮಂದಿ ಎರಡನೆಯದನ್ನೇ ಆರಿಸಿದರು. ಎರಡು ಗುಣ ಕೂಡಿರುವುದು ಒಂದೇ ಗುಣ ಇರುವುದಕ್ಕಿಂತ ಹೆಚ್ಚು ಸಂಭವನೀಯ ಆಗಲಾರದು. ಮನಸ್ಸು ಮೊದಲು "ಸ್ತ್ರೀವಾದಿಯೇ?" ಎಂದು ಕೇಳಿಕೊಂಡು, ಆ ಮೂಲಕ "ಗುಮಾಸ್ತೆ"ಯತ್ತ ಬರುತ್ತದೆ, ಹಾಗೆ ಬಂದಾಗ ದಾರಿ ಹತ್ತಿರವಾಗುತ್ತದೆ ಎಂಬುದು ಬುಸೆಮೈಯರ್, ಇಮ್ಯಾನುಯೆಲ್ ಪೊಥೋಸ್, ರಿಕಾರ್ಡೊ ಫ್ರಾಂಕೊ, ಜೆನಿಫರ್ ಟ್ರೂಬ್ಲಡ್ 2011ರಲ್ಲಿ ಕೊಟ್ಟ ಉತ್ತರ.

ಇತಿಹಾಸವನ್ನು ಚುಟುಕಾಗಿ ಹೇಳಬಹುದು. ಒಟ್ಟಿಗೆ ಅಳೆಯಲಾಗದ ಎರಡು ಗುಣಗಳೂ ಪೂರ್ತಿ ಚಿತ್ರಕ್ಕೆ ಬೇಕು ಎನ್ನುವ, ಪೂರಕತೆ ಎಂಬ ತಮ್ಮ ಕಲ್ಪನೆ ಮನೋವಿಜ್ಞಾನಕ್ಕೂ ಸಲ್ಲಬಹುದು ಎಂದು ನೀಲ್ಸ್ ಬೋರ್ ಹಿಂದೆಯೇ ಸೂಚಿಸಿದ್ದರು. ಬ್ರಸೆಲ್ಸ್‌ನ ಡಿಡೆರಿಕ್ ಆರ್ಟ್ಸ್ 1995ರಲ್ಲಿ ಅಭಿಪ್ರಾಯ ಸಮೀಕ್ಷೆಗೆ ಕ್ವಾಂಟಮ್ ಮಾದರಿ ಬರೆದರು. ಸ್ವೀಡನ್ನಿನ ಆಂಡ್ರೆ ಖ್ರೆನಿಕೋವ್ ಅದನ್ನು ಅರ್ಥಶಾಸ್ತ್ರದವರೆಗೆ ಹಬ್ಬಿಸಿದರು. ಇಂಡಿಯಾನಾ ವಿಶ್ವವಿದ್ಯಾಲಯದ ಬುಸೆಮೈಯರ್ ಮತ್ತು ಆಸ್ಟ್ರೇಲಿಯಾದ ಪೀಟರ್ ಬ್ರೂಜಾ 2012ರಲ್ಲಿ ಬರೆದ ಪುಸ್ತಕ ಈ ಕ್ಷೇತ್ರಕ್ಕೆ ಪಠ್ಯದಂತಾಗಿದೆ.

ಕರ್ನಾಟಕದ ನಂಟು ಇದರಲ್ಲಿ ಹಲವು ಎಳೆಗಳಲ್ಲಿ ಇದೆ. 1972ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರ ಕಟ್ಟಿದ ಭೌತವಿಜ್ಞಾನಿ ಇ.ಸಿ.ಜಿ. ಸುದರ್ಶನ್, ಬೈದ್ಯನಾಥ ಮಿಶ್ರಾ ಅವರೊಡನೆ 1977ರಲ್ಲಿ ಒಂದು ವಿಚಿತ್ರ ಫಲಿತಾಂಶ ಪ್ರಕಟಿಸಿದರು: ಕ್ವಾಂಟಮ್ ವ್ಯವಸ್ಥೆಯನ್ನು ಎಡೆಬಿಡದೆ ಅಳೆಯುತ್ತಿದ್ದರೆ ಅದು ಬದಲಾಗದೆ ನಿಂತುಬಿಡುತ್ತದೆ. ಇದಕ್ಕೆ ಅವರು ಝೀನೋ ಎಂಬ ಗ್ರೀಕ್ ದಾರ್ಶನಿಕನ ಹೆಸರಿಟ್ಟರು. ಹರಾಲ್ಡ್ ಅಟ್ಮಾನ್‌ಸ್ಪಾಕರ್, ಥಾಮಸ್ ಫಿಲ್ಕ್, ಹಾರ್ಟ್‌ಮನ್ ರೋಮರ್ 2004ರಲ್ಲಿ ಇದನ್ನು ನೆಕ್ಕರ್ ಘನಾಕೃತಿಗೆ ಹಚ್ಚಿದರು. ಗೆರೆಗಳಲ್ಲಿ ಬರೆದ ಆ ಪೆಟ್ಟಿಗೆಯನ್ನು ದಿಟ್ಟಿಸಿ ನೋಡಿದರೆ ಕೆಲವು ಸೆಕೆಂಡಿಗೊಮ್ಮೆ ಅದರ ಮುಂಭಾಗ ಹಿಂದಾಗಿ, ಹಿಂಭಾಗ ಮುಂದಾಗಿ ಕಾಣುತ್ತದೆ. ಎರಡು ಪ್ರಚೋದನೆಗಳ ಹಿಂದುಮುಂದು ಗುರುತಿಸಲು ಬೇಕಾಗುವ ಸುಮಾರು 30 ಮಿಲಿಸೆಕೆಂಡ್, ಒಂದು ಸಂಗತಿ ಅರಿವಿಗೆ ಬರಲು ಬೇಕಾಗುವ ಸುಮಾರು 300 ಮಿಲಿಸೆಕೆಂಡ್ — ಈ ಎರಡರಿಂದ ಮಾದರಿ ಲೆಕ್ಕ ಹಾಕಿದ ಪಲ್ಲಟದ ಅವಧಿ ಸುಮಾರು 3 ಸೆಕೆಂಡ್. ಜನರಿಗೆ ಕಾಣುವುದೂ ಹೆಚ್ಚುಕಡಿಮೆ ಅಷ್ಟೇ.

ಎರಡನೆಯ ಎಳೆ ಲೆಗೆಟ್–ಗರ್ಗ್ ಅಸಮಾನತೆಯದು. ನೋಡಲಿ ಬಿಡಲಿ, ವಸ್ತು ಒಂದು ಖಚಿತ ಸ್ಥಿತಿಯಲ್ಲಿ ಇದ್ದೇ ಇರುತ್ತದೆ, ಅದನ್ನು ಕದಲಿಸದೆ ಅಳೆಯಬಹುದು ಎಂದು ನಂಬುವುದಾದರೆ, ಬೇರೆಬೇರೆ ಹೊತ್ತಿನ ಅಳತೆಗಳ ಸಂಬಂಧ ಒಂದು ಮಿತಿ ಮೀರಬಾರದು ಎಂದು ಆಂಟನಿ ಲೆಗೆಟ್ ಮತ್ತು ಅನುಪಮ್ ಗರ್ಗ್ 1985ರಲ್ಲಿ ತೋರಿಸಿದರು. ಬೆಂಗಳೂರು ವಿಶ್ವವಿದ್ಯಾಲಯದ ಎ.ಆರ್. ಉಷಾದೇವಿ, ಕುವೆಂಪು ವಿಶ್ವವಿದ್ಯಾಲಯದ ಸುಧಾ, ಅವರೊಂದಿಗೆ ಎಚ್.ಎಸ್. ಕಾರ್ತಿಕ್ ಮತ್ತು ಎ.ಕೆ. ರಾಜಗೋಪಾಲ್ 2013ರಲ್ಲಿ ಇದನ್ನು ಅನಿಶ್ಚಿತತೆಯ ಅಳತೆಯಾದ ಮಾಹಿತಿಯ ಎಂಟ್ರೊಪಿಯ ಭಾಷೆಯಲ್ಲಿ ಮತ್ತೆ ಬರೆದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಉರ್ಬಸಿ ಸಿನ್ಹಾ ಅವರ ತಂಡ 2022ರಲ್ಲಿ ಒಂಟಿ ಫೋಟಾನುಗಳ ಮೇಲೆ ಯಾವ ಲೋಪಕ್ಕೂ ಎಡೆಯಿಲ್ಲದ ಪರೀಕ್ಷೆ ನಡೆಸಿ ಮಿತಿ ಮುರಿಯುವುದನ್ನು ತೋರಿಸಿತು. ಇವೆಲ್ಲ ಶುದ್ಧ ಭೌತವಿಜ್ಞಾನ. ಅದೇ ಅಸಮಾನತೆಯನ್ನು ಮನಸ್ಸಿನ ಮೇಲೆ ಪರೀಕ್ಷಿಸಬಹುದು ಎಂದು ಅಟ್ಮಾನ್‌ಸ್ಪಾಕರ್ ಮತ್ತು ಫಿಲ್ಕ್ 2010ರಲ್ಲಿ ಸೂಚಿಸಿದರು. ಒಂದು ಸಲ ಮೇಲಿನಿಂದ, ಇನ್ನೊಂದು ಸಲ ಕೆಳಗಿನಿಂದ ಕಂಡಂತೆ ತೋರುವ ಮೆಟ್ಟಿಲಿನ ಚಿತ್ರ ಬಳಸಿ 2014ರಲ್ಲಿ ಅಸಾನೊ ಮತ್ತು ಸಂಗಡಿಗರು ಅದರ ಒಂದು ರೂಪ ಮುರಿದಿದೆ ಎಂದು ವರದಿ ಮಾಡಿದರು. ಆದರೆ ಫೋಟಾನಿನ ಪರೀಕ್ಷೆಯಲ್ಲಿ ಮುಚ್ಚಿದ ಲೋಪಗಳನ್ನು ಮನುಷ್ಯರ ವಿಷಯದಲ್ಲಿ ಅಷ್ಟು ಬಿಗಿಯಾಗಿ ಮುಚ್ಚುವುದು ಆಗದ ಮಾತು. ನೋಡಿದ್ದು ನೆನಪಿನಲ್ಲಿ ಉಳಿದೇ ಉಳಿಯುತ್ತದೆ.

ನಿರ್ಧಾರದ ಪ್ರಶ್ನೆಯನ್ನೇ ನೇರವಾಗಿ ಕೈಗೆತ್ತಿಕೊಂಡ ಕೆಲಸ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯದು. ಅಲ್ಲಿದ್ದ ಭೌತವಿಜ್ಞಾನಿ ಶಿಶಿರ್ ರಾಯ್ 2016ರಲ್ಲಿ ನಿರ್ಧಾರ ಮತ್ತು ಸಂಜ್ಞಾನದ ಮಾದರಿಗಳನ್ನು ಕುರಿತು ಪುಸ್ತಕ ಪ್ರಕಟಿಸಿ, ಕ್ವಾಂಟಮ್ ಸಂಭವನೀಯತೆಯ ಪಾತ್ರವನ್ನು ಚರ್ಚಿಸಿದರು.

ಜೈನರ ಸ್ಯಾದ್ವಾದವನ್ನೂ ಇಲ್ಲಿ ನೆನೆಯುವವರಿದ್ದಾರೆ. ಗದಗಕ್ಕೆ ಹತ್ತಿರದ ಲಕ್ಕುಂಡಿಯಲ್ಲಿ 1007ರಲ್ಲಿ ಅತ್ತಿಮಬ್ಬೆ ಬ್ರಹ್ಮಜಿನಾಲಯ ಕಟ್ಟಿಸಿದ ಈ ಸೀಮೆಗೆ ಆ ದರ್ಶನ ಹೊಸದಲ್ಲ. ಇದೆ, ಇಲ್ಲ, ಇದ್ದೂ ಇಲ್ಲ, ಅವಕ್ತವ್ಯ ಎಂದು ಮುಂದುವರಿಯುವ ಅದರ ಸಪ್ತಭಂಗಿಯನ್ನು, ಅಂದರೆ ಏಳು ಬಗೆಯ ಹೇಳಿಕೆಗಳನ್ನು, ಪಿ.ಸಿ. ಮಹಲನೋಬಿಸ್ 1954ರಲ್ಲಿ ಸಂಖ್ಯಾಶಾಸ್ತ್ರದ ಬುನಾದಿಗೆ ಹೋಲಿಸಿದರು. ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಅದನ್ನು ಇಂದ್ರಿಯಗಳ ಪ್ರಯೋಗಗಳಿಗೆ ಅನ್ವಯಿಸಿದರು. ಮಂದ ಬೆಳಕು ಕಂಡಿತೇ ಎಂದರೆ ಹೌದು, ಇಲ್ಲ ಎಂಬುದಲ್ಲದೆ ಹೇಳಲಾರೆ ಎಂಬ ಉತ್ತರಕ್ಕೂ ತರ್ಕದಲ್ಲಿ ಜಾಗ ಬೇಕು ಎಂಬುದು ಇದರ ತಿರುಳು. ಇಷ್ಟು ಒಪ್ಪಬಹುದು. ಪೂರ್ವಿಕರಿಗೆ ಕ್ವಾಂಟಮ್ ಸಿದ್ಧಾಂತ ಗೊತ್ತಿತ್ತು ಎನ್ನುವುದು ಅತಿಯಾಯಿತು. ಸಪ್ತಭಂಗಿಯಲ್ಲಿ ವೈಶಾಲ್ಯವೂ ಇಲ್ಲ, ವ್ಯತಿಕರಣವೂ ಇಲ್ಲ.

ಟೀಕೆಗಳು ಕಡಿಮೆಯೇನಲ್ಲ. ಥಾಮಸ್ ಬೊಯೆ-ಕಾಸೆಮ್, ಸೆಬಾಸ್ಟಿಯನ್ ದುಷೇನ್, ಎರಿಕ್ ಗೆರ್ಸಿ 2016ರಲ್ಲಿ ತೀರ ಸರಳವಾದ ಕ್ವಾಂಟಮ್ ಮಾದರಿಗಳು ಸಮೀಕ್ಷೆಯ ಅಂಕಿಗಳಿಗೆ ಹೊಂದುವುದಿಲ್ಲ ಎಂದು ತೋರಿಸಿದರು. ಡೇವಿಡ್ ಕೆಲ್ಲೆನ್, ಹೆನ್ರಿಕ್ ಸಿಂಗ್‌ಮನ್, ವಿಲಿಯಂ ಬ್ಯಾಚೆಲ್ಡರ್ 2018ರಲ್ಲಿ ವಾಂಗ್–ಬುಸೆಮೈಯರ್ ಸಮೀಕರಣವನ್ನು ಹಳೆಯ ಸಂಭವನೀಯತೆಯಿಂದಲೂ ಪಡೆಯಬಹುದು ಎಂದರು. ಇನ್ನೊಂದು ತೊಡಕನ್ನು ಎತ್ತಿದ್ದು ಒಳಗಿನವರೇ. ಒಂದು ಪ್ರಶ್ನೆಗೆ ಹೌದು ಎಂದವರು, ನಡುವೆ ಬೇರೆ ಪ್ರಶ್ನೆ ಕೇಳಿ ಮತ್ತೆ ಮೊದಲಿನದಕ್ಕೆ ಬಂದರೆ ಸಾಮಾನ್ಯವಾಗಿ ಹೌದು ಎಂದೇ ಹೇಳುತ್ತಾರೆ. ಸಾಮಾನ್ಯ ಕ್ವಾಂಟಮ್ ಅಳತೆಯಲ್ಲಿ ಈ ಸ್ಥಿರತೆಯೂ ಕ್ರಮದ ಪರಿಣಾಮವೂ ಒಟ್ಟಿಗೆ ಇರಲಾರವು ಎಂದು ಖ್ರೆನಿಕೋವ್, ಇರಿನಾ ಬಸೀವಾ, ಎಹ್ತಿಬಾರ್ ಝಫಾರೊವ್, ಬುಸೆಮೈಯರ್ 2014ರಲ್ಲಿ ಒಪ್ಪಿಕೊಂಡರು. ಮಸನಾವೊ ಒಝಾವಾ ಮತ್ತು ಖ್ರೆನಿಕೋವ್ 2020ರ ಸುಮಾರಿಗೆ ಇನ್ನಷ್ಟು ಸಾರ್ವತ್ರಿಕವಾದ ಅಳತೆಯ ಗಣಿತ ತಂದು ಇದನ್ನು ದಾಟುವ ದಾರಿ ತೋರಿದ್ದಾರೆ. ಆದರೆ ಗಣಿತ ಸಡಿಲವಾದಷ್ಟೂ ಸೋಲುವ ಅವಕಾಶವೂ ಕಡಿಮೆಯಾಗುತ್ತದೆ ಎಂಬ ಆಕ್ಷೇಪ ಉಳಿದೇ ಇದೆ.

ಜನರನ್ನು ಅವಿವೇಕಿಗಳೆಂದು ಕರೆಯುವ ಮೊದಲು ಅವರನ್ನು ಅಳೆದ ಕೋಲನ್ನೂ ಪರೀಕ್ಷಿಸಬೇಕು ಎಂದು ಒತ್ತಾಯಿಸಿದ್ದು ಈ ಶಾಖೆಯ ನಿಜವಾದ ಗಳಿಕೆ. ಮನಸ್ಸು ಕ್ವಾಂಟಮ್ ನಿಯಮಕ್ಕೆ ನಡೆಯುತ್ತದೆ ಎಂಬ ದೊಡ್ಡ ಮಾತಿಗೆ ಇನ್ನೂ ಪುರಾವೆ ಸಾಲದು. ಪ್ರಶ್ನೆಯೇ ಉತ್ತರವನ್ನು ರೂಪಿಸುತ್ತದೆ ಎಂಬುದಕ್ಕೆ ಬೇಕಾದಷ್ಟಿದೆ. ಪ್ರವಾಹ ಪುನರ್ವಸತಿಯಾಗಲಿ, ಜಮೀನು ಸ್ವಾಧೀನವಾಗಲಿ, ಮನೆಮನೆಗೆ ಹೋಗಿ ಅಭಿಪ್ರಾಯ ಕೇಳುವ ಇಲಾಖೆಗಳು ಪ್ರಶ್ನಾವಳಿಯನ್ನು ಎರಡು ಕ್ರಮದಲ್ಲಿ ಮುದ್ರಿಸಿ, ಅರ್ಧ ಮನೆಗಳಿಗೆ ಒಂದು, ಉಳಿದರ್ಧಕ್ಕೆ ಇನ್ನೊಂದು ಕೊಡಲಿ. ಅದಕ್ಕೆ ಕ್ವಾಂಟಮ್ ಸಿದ್ಧಾಂತವನ್ನು ಓದಿಕೊಂಡಿರಬೇಕಾಗಿಲ್ಲ, ಹೆಚ್ಚಿನ ಖರ್ಚೂ ಇಲ್ಲ. ಎರಡೂ ಕಟ್ಟಿನಲ್ಲಿ ಬೇರೆಬೇರೆ ಉತ್ತರ ಬಂದರೆ, ಆ ಸಮೀಕ್ಷೆಯನ್ನು ಜನಾಭಿಪ್ರಾಯ ಎಂದು ಕಡತಕ್ಕೆ ಸೇರಿಸುವ ಮೊದಲು ಮತ್ತೊಮ್ಮೆ ಊರಿಗೆ ಹೋಗಿ ಬರಲಿ.